ಚಾಡಿಕೋರರ ಪಟ್ಟಿ

"ನಿನ್ನೆ ಮಧ್ಯಾಹ್ನ ಯಾಕೆ ಊಟ ಬಿಟ್ಟೆ?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗ ಐಲಾಗೆ ಮೊದಲು ಹೊಳೆದದ್ದು ಒಂದೇ. ಯಾರೋ ಚಾಡಿ ಹೇಳುತ್ತಿದ್ದಾರೆ.

ಊಟ ಬಿಟ್ಟದ್ದು ನಿಜ. ಆದರೆ ಅಮ್ಮ ಡಾರ್ಲಾ ಇದ್ದದ್ದು ಐದು ಗಂಟೆ ದಾರಿಯ ಆಚೆ, ಸುಪೀರಿಯರ್ ಸರೋವರದ ದಂಡೆಯ ಪುಟ್ಟ ಊರಿನಲ್ಲಿ, ಶಾಲೆಯ ಬಸ್ಸು ಓಡಿಸಿಕೊಂಡು. ಮಗಳು ಇದ್ದದ್ದು ಅಮೆರಿಕದ ಮಿನೆಸೋಟ ರಾಜ್ಯದ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ, ಸೇರಿ ಇನ್ನೂ ಮೂರು ವಾರ. "ನಿನಗೆ ಹೇಗೆ ಗೊತ್ತು?" ಎಂದರೆ, "ತಾಯಿಗೆ ಗೊತ್ತಾಗುತ್ತೆ" ಎಂದುಬಿಟ್ಟಳು ಡಾರ್ಲಾ. ಇಂಥ ಉತ್ತರ ಕೊಡುವ ತಾಯಂದಿರನ್ನು ಪೊಲೀಸರು ಕೂಡ ಏನೂ ಮಾಡಲಾರರು.

ಮುಂದಿನ ವಾರ ಇನ್ನೊಂದು. "ದಿನಾ ಸಂಜೆ ನಾಲ್ಕೂವರೆಗೇ ಊಟಕ್ಕೆ ಹೋಗ್ತೀಯಲ್ಲ, ಮುದುಕರ ಥರ. ಅಷ್ಟು ಹೊತ್ತಿಗೆ ಅಲ್ಲಿ ಯಾರಿರ್ತಾರೆ ಮಾತಾಡೋಕೆ?"

ಯಾರೂ ಇರುವುದಿಲ್ಲ ಎಂದೇ ಐಲಾ ಆ ಹೊತ್ತಿಗೆ ಹೋಗುತ್ತಿದ್ದದ್ದು. ಆರು ಗಂಟೆಗೆ ಊಟದ ಮನೆ ಜಾತ್ರೆಯಾಗುತ್ತದೆ. ತಟ್ಟೆ ಹಿಡಿದು, ಎಲ್ಲಿ ಕೂರಲಿ ಎಂದು ನೂರು ಮೇಜುಗಳ ನಡುವೆ ನಿಲ್ಲುವುದಕ್ಕಿಂತ ಉಪವಾಸ ವಾಸಿ ಎನ್ನುವ ಹುಡುಗಿ ಅವಳು. ಅಂಗಡಿಯಲ್ಲಿ ಬೇಕಾದದ್ದು ಸಿಗದಿದ್ದರೆ ಕೇಳದೆ ಬರಿಗೈಯಲ್ಲಿ ಮನೆಗೆ ಬರುವ ಜಾಯಮಾನ.

ಇಷ್ಟಾದರೂ ಅವಳು ಊರಿಗೆ ವಾಪಸು ಹೋಗಲು ಸಿದ್ಧಳಿರಲಿಲ್ಲ. ಅದೇ ಅವಳ ಗುಟ್ಟು. ಊರಿನಲ್ಲಿ ಅವಳು ಡಾರ್ಲಾಳ ನಾಚಿಕೆಯ ಮಗಳು. ಅವಳ ಪರವಾಗಿ ಮಾತನಾಡಲು ಅಮ್ಮ ಸದಾ ಪಕ್ಕದಲ್ಲಿ ಇರುತ್ತಿದ್ದಳು. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಮಾತನಾಡದಿದ್ದರೂ ಇಲ್ಲಿಯ ಮೌನ ಅವಳ ಸ್ವಂತದ್ದು.

ಡಾರ್ಲಾ ಮಾತ್ರ ಮೊದಲೇ ಹೇಳಿ ಇಟ್ಟಿದ್ದಳು: "ಅಕ್ಟೋಬರಿನಲ್ಲಿ ಅಪ್ಪ ಅಮ್ಮಂದಿರನ್ನ ಕರೆಯೋ ಶನಿವಾರ ಇದೆಯಲ್ಲ, ಆವತ್ತು ಬರ್ತೀನಿ. ಹೊಂದಿಕೆಯಾಗಿಲ್ಲ ಅಂತ ಕಂಡ್ರೆ ಸಾಮಾನು ಕಟ್ಕೊಂಡು ಹೊರಟುಬಿಡೋಣ. ಇಲ್ಲೇ ಹತ್ತಿರದ ಕಾಲೇಜಿಗೆ ಸೇರಿದ್ರಾಯ್ತು." ಅಂದರೆ ಬಿಟ್ಟ ಒಂದೊಂದು ಊಟವೂ ಐಲಾಳ ವಿರುದ್ಧ ಒಂದೊಂದು ಸಾಕ್ಷಿ. ಆ ಸಾಕ್ಷಿಯನ್ನು ಅಮ್ಮನಿಗೆ ಒದಗಿಸುತ್ತಿದ್ದವರು ಯಾರು?

ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವಳು ಪಟ್ಟಿ ಮಾಡಿದಳು. ಮೊದಲ ಹೆಸರು ರೂತನ್. ಊಟದ ಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಎಲ್ಲರ ಕಾರ್ಡ್ ತೆಗೆದುಕೊಂಡು ಯಂತ್ರಕ್ಕೆ ಉಜ್ಜುವ ಅಜ್ಜಿ. ಒಂಬೈನೂರು ಮಕ್ಕಳ ಹೆಸರು ಅವಳ ನಾಲಿಗೆಯ ತುದಿಯಲ್ಲಿ. "ಬಾ ನನ್ನ ಬಂಗಾರ, ಐಲಾ, ಅಮ್ಮ ಚೆನ್ನಾಗಿದಾರಾ?" ಎಂದು ದಿನಾ ಕೇಳುತ್ತಾಳೆ. ಯಾಕೆ ಕೇಳಬೇಕು? ಎಲ್ಲರನ್ನೂ ಹಾಗೇ ಕೇಳುತ್ತಾಳೆ, ನಿಜ. ಆದರೆ ಅನುಮಾನ ಹತ್ತಿದವರಿಗೆ ಹಗ್ಗವೂ ಹಾವೇ.

ಎರಡನೆಯ ಹೆಸರು ಕಿಯಾ, ಒಂದೇ ಕೋಣೆಯ ಜೊತೆಗಾತಿ. ಸೇಂಟ್ ಪಾಲ್ ನಗರದ ಹುಡುಗಿ, ಆಗ್ನೇಯ ಏಷ್ಯಾದಿಂದ ವಲಸೆ ಬಂದ ಹ್ಮಾಂಗ್ ಜನರ ಮನೆಯವಳು, ಏಳು ಜನ ಒಡಹುಟ್ಟಿದವರ ನಡುವೆ ಬೆಳೆದು ಮೌನ ಎಂದರೇನೆಂದು ತಿಳಿಯದವಳು. ಎದ್ದ ಕೂಡಲೇ ಮಾತು. ಸಂಜೆ ತಾಯಿಗೆ ಫೋನ್ ಮಾಡಿ ತಮ್ಮ ಭಾಷೆಯಲ್ಲಿ ಅರ್ಧ ಗಂಟೆ ಹರಟುತ್ತಾಳೆ. ಐಲಾಗೆ ಆ ಭಾಷೆಯ ಒಂದಕ್ಷರ ಬಾರದು. ಆದರೆ ಅದರ ಮಧ್ಯೆ ತನ್ನ ಹೆಸರು ಬಂದದ್ದು ಚೆನ್ನಾಗಿಯೇ ಕೇಳಿಸುತ್ತಿತ್ತು. ಐಲಾ ಎನ್ನುತ್ತಾಳೆ, ಏನೋ ಹೇಳುತ್ತಾಳೆ, ಇತ್ತ ತಿರುಗಿ ನೋಡುತ್ತಾಳೆ. ಮತ್ತೆ ದನಿ ತಗ್ಗಿಸುತ್ತಾಳೆ.

ರಸಾಯನಶಾಸ್ತ್ರದ ಕಿರುಪರೀಕ್ಷೆಯಲ್ಲಿ ಐವತ್ತೆಂಟು ಬಂದದ್ದನ್ನು ಅಮ್ಮ ಎರಡೇ ದಿನದಲ್ಲಿ ಕೇಳಿದ ಮೇಲೆ ಐಲಾ ರೂತನ್ ಹೆಸರಿಗೆ ಗೀಟು ಎಳೆದಳು. ಬಾಗಿಲಲ್ಲಿ ಕೂತ ಅಜ್ಜಿಗೆ ಅಂಕ ಹೇಗೆ ಗೊತ್ತಾಗಬೇಕು? ಉತ್ತರಪತ್ರಿಕೆ ಬಿದ್ದಿದ್ದದ್ದು ಕೋಣೆಯ ಮೇಜಿನ ಮೇಲೆ. ಅಂದಿನಿಂದ ಅವಳು ಕಿಯಾಳ ಫೋನುಗಳನ್ನು ಬರೆದಿಡತೊಡಗಿದಳು. ತಾರೀಖು, ಗಂಟೆ, ತನ್ನ ಹೆಸರು ಎಷ್ಟು ಸಲ, ನಕ್ಕಳೇ ಇಲ್ಲವೇ. ಕಿಯಾ "ಬಾರೇ, ಎಲ್ರೂ ಆರು ಗಂಟೆಗೆ ಊಟಕ್ಕೆ ಹೋಗ್ತಿದೀವಿ" ಎಂದು ಕರೆದಾಗಲೆಲ್ಲ ಐಲಾಗೆ ಅದೇ ಅನುಮಾನ. ಕರೆಯುವುದು ಪ್ರೀತಿಗೋ, ವರದಿ ಒಪ್ಪಿಸುವುದಕ್ಕೋ? "ಊಟ ಆಯ್ತು ನಂದು" ಎಂದು ಹೇಳಿ ಹೊರಟುಹೋಗುತ್ತಿದ್ದಳು.

ಪಾಪದ ಹುಡುಗಿಯ ತಲೆಯೂ ಒಮ್ಮೊಮ್ಮೆ ಓಡುತ್ತದೆ. ಆ ಶನಿವಾರಕ್ಕೆ ಇನ್ನು ಆರು ದಿನ ಇರುವಾಗ ಐಲಾ ಒಂದು ಬಲೆ ಹೂಡಿದಳು. ಭಾನುವಾರ ಸಂಜೆ ಕಿಯಾಳಿಗೆ ಮಾತ್ರ, ಬೇರೆ ಯಾರಿಗೂ ಅಲ್ಲ, ಒಂದು ಸುಳ್ಳು ಹೇಳಿದಳು: "ನಾಳೆಯಿಂದ ನಾನು ಬೆಳಗಿನ ತಿಂಡಿಗೆ ಹೋಗಲ್ಲ. ಹೊಟ್ಟೆ ತೊಳಸುತ್ತೆ."

"ಅಯ್ಯೋ, ಶುಂಠಿ ಕಷಾಯ ಮಾಡ್ಕೊಡ್ಲಾ?" ಎಂದಳು ಕಿಯಾ.

ಬೇಡ ಎಂದಳು ಐಲಾ. ಸುಳ್ಳು ಸುಳ್ಳಿನಂತೆ ಕಾಣಬಾರದಲ್ಲ, ಸೋಮವಾರವೂ ಮಂಗಳವಾರವೂ ತಿಂಡಿಗೆ ಹೋಗದೆ ಗ್ರಂಥಾಲಯದ ಮೂಲೆಯಲ್ಲಿ ಬಿಸ್ಕತ್ತು ಕಡಿದು ಕೂತಳು. ಮಂಗಳವಾರ ಸಂಜೆ ಅಮ್ಮನ ಫೋನು.

"ಎರಡು ದಿನದಿಂದ ತಿಂಡಿ ತಿಂದಿಲ್ಲ ನೀನು. ಹೊಟ್ಟೆ ಸರಿಯಿಲ್ವಾ ಪುಟ್ಟಿ? ನನಗೇನೋ ನೀನು ಅಲ್ಲಿರೋದು ಸರಿ ಕಾಣ್ತಿಲ್ಲ. ಶನಿವಾರ ತೀರ್ಮಾನ ಮಾಡೇಬಿಡೋಣ."

ಹೊಟ್ಟೆ! ಕಳ್ಳಿ ಸಿಕ್ಕಿಬಿದ್ದಳು. ಫೋನಿಟ್ಟು ಐಲಾ ಸೀದಾ ಕೋಣೆಗೆ ಹೋದಳು. ಕಿಯಾ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಟ್ಟಲಿನಿಂದ ಶ್ಯಾವಿಗೆ ಎತ್ತಿ ತಿನ್ನುತ್ತಿದ್ದಳು.

"ನಮ್ಮಮ್ಮ ನಿನಗೆ ಏನು ಕೊಡ್ತಾರೆ?" ಎಂದಳು ಐಲಾ. ಹದಿನೆಂಟು ವರ್ಷದಲ್ಲಿ ಅವಳ ದನಿ ಅಷ್ಟು ಮೇಲೆ ಹೋದದ್ದು ಅದೇ ಮೊದಲು.

"ಏನು?"

"ನಾನು ಉಂಡಿದ್ದು, ಬಿಟ್ಟಿದ್ದು, ಎಲ್ಲ ವರದಿ ಒಪ್ಪಿಸ್ತಿದೀಯಲ್ಲ."

"ನಿನ್ನಮ್ಮನ ನಂಬರೇ ನನ್ನ ಹತ್ರ ಇಲ್ಲ ಕಣೇ. ಜ್ವರ ಗಿರ ಬಂದಿದೆಯಾ ನಿನಗೆ?"

"ಹೊಟ್ಟೆ ತೊಳಸುತ್ತೆ ಅಂತ ನಿನಗೊಬ್ಬಳಿಗೇ ಹೇಳಿದ್ದು. ನಿಮ್ಮಮ್ಮನ ಹತ್ರ ಮಾತಾಡುವಾಗ ನನ್ನ ಹೆಸರು ಹೇಳ್ತೀಯ. ಕೇಳಿಸ್ಕೊಂಡಿದೀನಿ. ಹನ್ನೊಂದು ಸಲ."

ಕಿಯಾ ಬಟ್ಟಲು ಕೆಳಗಿಟ್ಟಳು. "ಹನ್ನೊಂದು? ಎಣಿಸಿದೀಯಾ?"

ಮೇಜಿನ ಮೇಲೆ ನೋಟ್‌ಬುಕ್ಕು ಬೆನ್ನು ಮೇಲಾಗಿ ಬಿದ್ದಿತ್ತು. ಐಲಾಳ ಕಣ್ಣು ಅತ್ತ ಹೋದದ್ದೇ ತಡ, ಕಿಯಾ ಅದನ್ನು ಎತ್ತಿಕೊಂಡು ಕೊನೆಯ ಹಾಳೆ ತೆರೆದಳು. ಗಟ್ಟಿಯಾಗಿ ಓದಿದಳು. "ಇಪ್ಪತ್ನಾಲ್ಕನೇ ತಾರೀಖು, ಏಳು ಹತ್ತು, ಹೆಸರು ಎರಡು ಸಲ, ನಗು. ಇಪ್ಪತ್ತಾರು, ಏಳೂವರೆ, ಹೆಸರು ಒಂದು ಸಲ, ದನಿ ತಗ್ಗಿಸಿದಳು." ಅರ್ಧಕ್ಕೇ ನಿಲ್ಲಿಸಿದಳು.

"ನಿನ್ನ ವಿಷಯ ಹೇಳಿದೀನಿ, ಹೌದು," ಎಂದಳು ಆಮೇಲೆ. "ಒಬ್ಬಳೇ ಊಟ ಮಾಡ್ತಾಳಮ್ಮ, ಕರೆದ್ರೂ ಬರಲ್ಲ, ಏನ್ಮಾಡ್ಲಿ ಅಂದೆ. ಕರೀತಾ ಇರು, ಒಂದಿನ ಬರ್ತಾಳೆ ಅಂದ್ಲು ನಮ್ಮಮ್ಮ. ಇಷ್ಟೇ ಕಣೇ ನಮ್ಮ ಪಿತೂರಿ."

"ಹಾಗಾದ್ರೆ ತಿಂಡಿಗೆ ಹೋಗಿಲ್ಲ ಅಂತ ಅಮ್ಮಂಗೆ..."

"ತಿಂಡಿಗೆ ಹೋದ್ಯಾ ನೀನು?"

"ಇಲ್ಲ."

"ಹೋಗದೇ ಇದ್ರೆ ಕಾರ್ಡ್ ಉಜ್ಜಲ್ಲ. ಉಜ್ಜದೇ ಇದ್ರೆ, ಅಂಕ ಗಿಂಕ ಎಲ್ಲ ಹಾಕ್ತಾರಲ್ಲ, ಆ ಕಾಲೇಜಿನ ಜಾಲತಾಣದಲ್ಲಿ ಬರಲ್ಲ. ತಿಂಡಿ ಬಿಟ್ರೆ ಯಾವ ತಾಯಿಯಾದ್ರೂ ಮೊದಲು ಕೇಳೋದು ಹೊಟ್ಟೆ ವಿಷಯಾನೇ. ನಮ್ಮಣ್ಣಂಗೂ ಇದೇ ಆಗಿತ್ತು. ಮನೆಯವರು ನೋಡಬಹುದು ಅಂತ ಕಾಗದಕ್ಕೆ ಸಹಿ ಹಾಕಿಕೊಟ್ಟಿದೀಯಾ, ಇಲ್ವಾ?"

ಐಲಾ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತಳು. ಜೂನ್ ತಿಂಗಳು, ಹೊಸಬರನ್ನು ಕರೆಸಿದ ದಿನ. ಕಾಲೇಜಿನ ಒಳಾಂಗಣ ಕ್ರೀಡಾಂಗಣದ ತುಂಬ ಮೇಜುಗಳು, ಸಾಲು ಸಾಲು ತಾಯಂದಿರು. ಹದಿನೆಂಟು ತುಂಬಿದ ಮಕ್ಕಳ ವಿಷಯವನ್ನು ಅವರ ಸಹಿಯಿಲ್ಲದೆ ಕಾಲೇಜು ಹೆತ್ತವರಿಗೆ ಬಾಯಿ ಬಿಡುವಂತಿಲ್ಲ; ಅದಕ್ಕೇ ಆ ದಿನ ತಾಯಂದಿರಿಗೆ ಅಷ್ಟು ಅವಸರ. "ಇಲ್ಲಿ ಹಾಕು, ಇಲ್ಲಿ, ಇಲ್ಲೂ" ಎಂದು ಡಾರ್ಲಾಳ ಬೆರಳು ಓಡಿದ ಕಡೆಯೆಲ್ಲ ಐಲಾ ಸಹಿ ಹಾಕಿದ್ದಳು. ಓದಿರಲಿಲ್ಲ. ಜನ ನೋಡುತ್ತಿದ್ದಾರೆ, ಬೇಗ ಮುಗಿದರೆ ಸಾಕು ಎಂದಿತ್ತು. ಚಾಡಿಕೋರರ ಪಟ್ಟಿಯಲ್ಲಿ ಅವಳು ತನ್ನ ಹೆಸರೊಂದನ್ನು ಬಿಟ್ಟು ಉಳಿದವರನ್ನೆಲ್ಲ ಬರೆದಿದ್ದಳು.

ಈಗ ಅಮ್ಮನ ಅಡುಗೆಮನೆಯೂ ಕಣ್ಣಿಗೆ ಕಟ್ಟಿತು. ಅಪ್ಪನ ಕೆಲಸ ಅದಿರು ಸಾಗಿಸುವ ಹಡಗಿನಲ್ಲಿ, ವರ್ಷದ ಒಂಬತ್ತು ತಿಂಗಳು ನೀರಿನ ಮೇಲೆ. ಹಡಗು ಎಲ್ಲಿದೆಯೆಂದು ಕಂಪ್ಯೂಟರಿನಲ್ಲಿ ಒಂದು ಚುಕ್ಕೆ ತೋರಿಸುತ್ತದೆ. ಆ ದಂಡೆಯ ಹೆಂಗಸರು ಬೆಳಿಗ್ಗೆ ಎದ್ದು ಕಾಫಿ ಹಿಡಿದು ಮೊದಲು ನೋಡುವುದು ಗಂಡನ ಚುಕ್ಕೆಯನ್ನೇ. ಚುಕ್ಕೆ ಸರಿಯುತ್ತಿದ್ದರೆ ಗಂಡ ಬದುಕಿದ್ದಾನೆ. ಡಾರ್ಲಾ ಈಗ ಅದರ ಪಕ್ಕದಲ್ಲೇ ಮಗಳ ಊಟದ ಸಾಲುಗಳನ್ನೂ ತೆರೆದಿಟ್ಟುಕೊಂಡು ಕೂರುತ್ತಿರಬೇಕು. ಐಲಾಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಅಳುವೂ ಬಂತು. ಕಾವಲು ಕಾಯುವುದನ್ನೇ ಅಕ್ಕರೆ ಎಂದುಕೊಂಡವಳ ಮಗಳಾಗಿ ತಾನು ಇಲ್ಲಿ ಕೂತು ಮಾಡಿದ್ದಾದರೂ ಏನು? ಅಮ್ಮನಿಗೆ ಇದ್ದಂತೆ ಅಕ್ಕರೆಯ ನೆಪವೂ ಅವಳಿಗೆ ಇರಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಸುಮ್ಮನೆ ಹೇಳುತ್ತಾರೆಯೇ?

"ತಪ್ಪಾಯ್ತು ಕಿಯಾ," ಎಂದಳು.

ಕಿಯಾ ನೋಟ್‌ಬುಕ್ಕು ಮುಚ್ಚಿ ಮೇಜಿನ ಮೇಲಿಟ್ಟು ಮುಖ ಆಚೆ ತಿರುಗಿಸಿದಳು. ಮರುದಿನ ಬೆಳಿಗ್ಗೆ ಮಹಡಿಯ ಮೇಲ್ವಿಚಾರಕಿಯ ಹತ್ತಿರ ಹೋಗಿ ಬೇರೆ ಕೋಣೆ ಕೇಳಿದಳು. ಮೂರನೇ ಮಹಡಿಯಲ್ಲಿ ಒಂದು ಮಂಚ ಖಾಲಿಯಿತ್ತು.

ಅದೇ ಬುಧವಾರ ಮಧ್ಯಾಹ್ನ ಐಲಾ ಕಾಲೇಜಿನ ದಾಖಲೆಗಳ ಕಚೇರಿಗೆ ಹೋದಳು. ಸಾಲಿನಲ್ಲಿ ನಾಲ್ಕು ಜನ. ಎರಡು ಸಲ ಸಾಲು ಬಿಟ್ಟು ಹೊರಗೆ ಬಂದಳು, ಎರಡು ಸಲ ಮತ್ತೆ ಹೋಗಿ ಹಿಂದೆ ನಿಂತಳು. ಕಿಟಕಿಯ ಆಚೆ ದಪ್ಪ ಮೀಸೆಯ ಗುಮಾಸ್ತ. ಅವಳು ಹೇಳಿದ್ದು ಅವಳ ಕೊರಳಪಟ್ಟಿಯಿಂದಾಚೆ ಹೋಗಲಿಲ್ಲ.

"ಏನಮ್ಮ? ಕೇಳಿಸ್ಲಿಲ್ಲ."

"ನಮ್ಮಮ್ಮನಿಗೆ ಕೊಟ್ಟ ಒಪ್ಪಿಗೆ ವಾಪಸು ತಗೋಬೇಕು. ಸಹಿ ನಂದೇ."

ಗುಮಾಸ್ತ ಒಂದು ಹಾಳೆ ಮುಂದೆ ತಳ್ಳಿದ. "ಮನೇಲಿ ಹೇಳಿದೀಯಾ? ಸಂಜೆ ಐದಕ್ಕೆ ಅಮ್ಮಂಗೆ ಇ-ಮೇಲ್ ಹೋಗುತ್ತೆ, ಇನ್ನು ಮುಂದೆ ನೋಡೋಕಾಗಲ್ಲ ಅಂತ. ಅದಕ್ಕಿಂತ ಮೊದಲು ನೀನೇ ಹೇಳಿಬಿಡೋದು ಒಳ್ಳೇದು." ಅವಳು ಹಾಳೆಯನ್ನು ಈ ಸಲ ಮೊದಲಿಂದ ಕೊನೆಯವರೆಗೆ ಓದಿದಳು. ಹಿಂದೆ ನಿಂತವರು ನಿಟ್ಟುಸಿರು ಬಿಟ್ಟರೂ ಓದಿಯೇ ಸಹಿ ಹಾಕಿದಳು.

ವಾಪಸು ಬಂದರೆ ಕಿಯಾ ಗಂಟುಮೂಟೆ ಕಟ್ಟುತ್ತಿದ್ದಳು. ಐಲಾ ಏನೂ ಕೇಳದೆ ಒಂದು ಪೆಟ್ಟಿಗೆ ಹೊತ್ತುಕೊಂಡು ಮೂರನೇ ಮಹಡಿ ಹತ್ತಿದಳು. ನಾಲ್ಕು ಸಲ ಹತ್ತಿ ಇಳಿದಳು. ಕೊನೆಯ ಸಲ ಮೆಟ್ಟಿಲ ಮೇಲೆ ಕಿಯಾ ಹೇಳಿದಳು: "ಸಿಟ್ಟು ಇಳಿದಿದೆ. ಆದ್ರೆ ಅದೇ ಕೋಣೇಲಿ ಮಲಗೋಕಾಗಲ್ಲ ಕಣೇ. ನಿದ್ದೇಲಿ ಗೊರಕೆ ಹೊಡೆದ್ರೂ ಗಂಟೆ ಹಾಕಿ ಬರ್ಕೊಳ್ತೀಯ."

ಐಲಾ ನಗಲಿಲ್ಲ. ನಗುವ ಹಕ್ಕು ತನಗಿನ್ನೂ ಇಲ್ಲ ಅನ್ನಿಸಿತು.

ನಾಲ್ಕೂಕಾಲಿಗೆ ಅಮ್ಮನ ಬಸ್ಸು ಮನೆ ಸೇರಿರುತ್ತದೆ. ಅರ್ಧ ಖಾಲಿಯಾದ ಕೋಣೆಯಲ್ಲಿ ಕೂತು ಐಲಾ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾರ್ಡಿನ ವಿಷಯ ತಿಳಿಯಿತು, ಒಪ್ಪಿಗೆ ವಾಪಸು ತೆಗೆದುಕೊಂಡೆ, ಐದು ಗಂಟೆಗೆ ಇ-ಮೇಲ್ ಬರುತ್ತದೆ.

ಅತ್ತ ಕಡೆ ಕುರ್ಚಿ ಎಳೆದ ಸದ್ದು. "ಯಾರು ಹೇಳಿದ್ದು ನಿನಗೆ?" ಎಂದಳು ಡಾರ್ಲಾ. "ಆ ಜೊತೆಗಿರೋ ಹುಡುಗೀನೇ ಅಲ್ವಾ? ಅವಳೇ ತಾನೇ ಹೇಳ್ಕೊಟ್ಟಿದ್ದು?"

ನಿನ್ನೆ ಇದೇ ಕೋಣೆಯಲ್ಲಿ ಕೇಳಿಸಿದ್ದು ಇದೇ ದನಿ, ಆದರೆ ಐಲಾಳ ಬಾಯಿಂದ.

"ಯಾರೂ ಹೇಳ್ಕೊಟ್ಟಿಲ್ಲ ಅಮ್ಮ. ಅವಳ ಮೇಲೆ ಅನುಮಾನ ಪಟ್ಟು ನಾನೇ ಅವಳನ್ನ ಕಳ್ಕೊಂಡೆ. ನೀನೂ ಶುರು ಮಾಡ್ಬೇಡ."

"ಹಾಗಾದ್ರೆ ನೀನು ಉಂಡ್ಯೋ ಬಿಟ್ಟ್ಯೋ ನನಗೆ ಹೇಗೆ ಗೊತ್ತಾಗ್ಬೇಕು?"

"ಕೇಳಿದ್ರೆ ಹೇಳ್ತೀನಿ. ಕೆಲವು ದಿನ ಗೊತ್ತಾಗಲ್ಲ. ಗೊತ್ತಿಲ್ದೇ ಇರ್ಬೇಕು ಅಮ್ಮ."

ಡಾರ್ಲಾ ಮೂಗೆಳೆದದ್ದು ಕೇಳಿಸಿತು. ಅಳುತ್ತಿದ್ದಾಳೆಂದು ಐಲಾಗೆ ತಿಳಿಯಿತು, ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

"ಶನಿವಾರ ಬರ್ಲಾ?" ಎಂದಳು ಡಾರ್ಲಾ ಕೊನೆಗೆ. ಇಷ್ಟು ದಿನ ಬರ್ತೀನಿ ಎನ್ನುತ್ತಿದ್ದವಳು.

"ಬಾ. ಊಟ ಮಾಡ್ಕೊಂಡು ಹೋಗು. ನಾನು ಊರಿಗೆ ಬರಲ್ಲ ನಿನ್ನ ಜೊತೆಗೆ."

"ಹೂಂ. ಆ ಕಚೇರಿಗೆ ಯಾರ ಜೊತೆ ಹೋಗಿದ್ದೆ?"

"ಒಬ್ಬಳೇ."

"ಕಿಟಕಿ ಹತ್ರ ಮಾತಾಡಿದ್ದು?"

"ನಾನೇ."

ಡಾರ್ಲಾ ಮೂಗು ಒರೆಸಿಕೊಂಡಳು. ಹದಿನೆಂಟು ವರ್ಷ ಆ ಹುಡುಗಿಯ ಪರವಾಗಿ ಮಾತನಾಡಿದ ತಾಯಿ ಬಹಳ ಮೆಲ್ಲಗೆ, ನಂಬಲೋ ಬೇಡವೋ ಎಂಬಂತೆ ಕೇಳಿದಳು: "ಅವರಿಗೆ ಕೇಳಿಸ್ತಾ?"

"ಮೊದಲ್ನೇ ಸಲ ಕೇಳಿಸ್ಲಿಲ್ಲ ಅಮ್ಮ," ಎಂದಳು ಐಲಾ. "ಎರಡನೇ ಸಲ ಕೇಳಿಸ್ತು."