ಬೆನ್ನ ಹಿಂದಿನ ಎರಡು ಸುತ್ತು

ಮೆಟ್ರಿಯ ಉಚ್ಚೆಂಗಪ್ಪ ತನ್ನ ಮಗಳು ಓಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಐದು ವರ್ಷಗಳಿಂದ ಸುಷ್ಮಿತಾ ಎಂಟುನೂರು ಮೀಟರ್ ಓಡುತ್ತಿದ್ದಳು. ಐದು ವರ್ಷಗಳಿಂದಲೂ ಸರಿಯಾಗಿ ಓಟದ ದಿನವೇ ಅವನ ಗದ್ದೆಗೆ ಕಾಲುವೆ ನೀರಿನ ಸರದಿ ಬರುತ್ತಿತ್ತು. ಊರಿಗೆ ಮರಳಿದ ಹುಡುಗಿ ಬ್ಯಾಗು ಇಳಿಸುವ ಮೊದಲೇ "ಅಪ್ಪಾ, ಈ ಸಲನೂ ಬರ್ಲಿಲ್ಲಲ್ಲ" ಎನ್ನುವಳು. ಅವನು ತಪ್ಪನ್ನು ನೀರಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದ.

ಈ ಸಲ ಆ ನೆಪಕ್ಕೂ ಕಲ್ಲು ಬಿತ್ತು. ರಾಜ್ಯಮಟ್ಟದ ಕ್ರೀಡಾಕೂಟ ಹೊಸಪೇಟೆಗೇ ಬಂದಿತ್ತು. ಓಟ, ಕಬಡ್ಡಿ, ಖೋಖೋ, ಕುಸ್ತಿ, ಎಲ್ಲ ಒಂದೇ ಊರಲ್ಲಿ. ಲಾಡ್ಜುಗಳಲ್ಲಿ ರೂಮಿಲ್ಲ, ಆಟೋದವರಿಗೆ ಪುರುಸೊತ್ತಿಲ್ಲ. ಉಚ್ಚೆಂಗಪ್ಪ ನೀರಿನ ಸರದಿಯನ್ನು ಪಕ್ಕದ ಗದ್ದೆಯವನಿಗೆ ಬಿಟ್ಟುಕೊಟ್ಟು, ಹೆಂಡತಿ ಸುಂಕಮ್ಮನೊಡನೆ ಬೆಳಗಿನ ಬಸ್ಸು ಹತ್ತಿದ. "ಎರಡೇ ಸುತ್ತು ಅಪ್ಪಾ. ಬೀಡಿ ಹಚ್ಚಾಕ ಹೋದ್ರ ಮುಗದೇ ಹೋತು" ಎಂದು ಮಗಳು ಫೋನಿನಲ್ಲಿ ಎಚ್ಚರಿಸಿದ್ದಳು. ಅವನು ಬೀಡಿ ಕಟ್ಟನ್ನು ಮನೆಯಲ್ಲೇ ಬಿಟ್ಟುಬಂದ. ಆದರೆ ಮನುಷ್ಯನಿಗೆ ಬೀಡಿಗಿಂತ ದೊಡ್ಡ ಚಟಗಳೂ ಇರುತ್ತವೆ.

ಮೈದಾನದ ಗೇಟಿನಲ್ಲಿ ಸಿಕ್ಕವನು ಚಿತ್ತವಾಡ್ಗಿಯ ಹಂಪಯ್ಯ. ಸುಂಕಮ್ಮನ ತಮ್ಮ, ಸ್ವಾಗತ ಸಮಿತಿಯ ಸದಸ್ಯ. ಎದೆಯ ಮೇಲೆ ಅಂಗೈ ಅಗಲದ ಬ್ಯಾಡ್ಜು.

"ಮಾವಾ, ಜಲ್ದಿ ಬರ್ರಿ! ಕ್ರೀಡಾಪಟುಗಳ ತಂದೆ-ತಾಯಿಗೆ ಸನ್ಮಾನ ಇಟ್ಟೀವಿ. ಅಕ್ಕಾ, ನೀನೂ ಬಾ."

"ನಾ ಒಲ್ಲೆ. ನಾ ಹುಡುಗಿ ನೋಡಾಕ ಬಂದೀನಿ" ಎಂದವಳೇ ಸುಂಕಮ್ಮ ನೆರಿಗೆ ಎತ್ತಿ ಹಿಡಿದು ಗ್ಯಾಲರಿ ಹತ್ತಿಬಿಟ್ಟಳು.

"ಓಟ ತಪ್ಪಂಗಿಲ್ಲಲ್ಲೋ?" ಎಂದು ಉಚ್ಚೆಂಗಪ್ಪ ಕೇಳಿದ.

"ಓಟ ಹನ್ನೊಂದಕ್ಕ, ಸನ್ಮಾನ ಹತ್ತಕ್ಕ. ಐದು ನಿಮಿಷದ ಕೆಲಸ ಮಾವಾ!"

ನಮ್ಮ ಕಡೆ ಸನ್ಮಾನ ಐದು ನಿಮಿಷಕ್ಕೆ ಮುಗಿದದ್ದನ್ನು ಕಂಡವರಿಲ್ಲ. ಇದು ಉಚ್ಚೆಂಗಪ್ಪನಿಗೂ ಗೊತ್ತಿತ್ತು. ಆದರೆ ಪೇಟ ಸುತ್ತಿದ ತನ್ನ ತಲೆ ಊರವರ ಫೋನುಗಳಲ್ಲಿ ಮೂಡುವುದು ಆಗಲೇ ಅವನ ಕಣ್ಣಿಗೆ ಕಟ್ಟಿತ್ತು. ಅವನು ವೇದಿಕೆ ಹತ್ತಿದ.

ವೇದಿಕೆಯನ್ನು ಗ್ಯಾಲರಿಗೆ ಮುಖ ಮಾಡಿ, ಓಟದ ಟ್ರ್ಯಾಕಿಗೆ ಬೆನ್ನು ಮಾಡಿ ಕಟ್ಟಿದ್ದರು. ಗಣ್ಯರು ಆಟ ನೋಡದಿದ್ದರೂ ನಡೆದೀತು, ಜನ ಗಣ್ಯರನ್ನು ನೋಡದಿದ್ದರೆ ಹೇಗೆ? ಹಿಂದೆ ಆಳೆತ್ತರದ ಫ್ಲೆಕ್ಸು. ಗಾಳಿಗೆ ಅದರ ಒಂದು ಮೂಲೆ ಕಿತ್ತು ಪಟಪಟ ಬಡಿಯುತ್ತಿತ್ತು. ಮುಖ್ಯ ಅತಿಥಿ ಬಂದಾಗ ಹತ್ತೂವರೆ. ದೀಪ ಬೆಳಗಿಸಿ, ಕ್ರೀಡಾಪಟುಗಳ ಸಮಯಪ್ರಜ್ಞೆಯನ್ನು ಇಪ್ಪತ್ತು ನಿಮಿಷ ಹೊಗಳಿದರು.

ಉಚ್ಚೆಂಗಪ್ಪನ ಹೆಸರು ಕೂಗಿದಾಗ ಹನ್ನೊಂದಕ್ಕೆ ಒಂದೇ ನಿಮಿಷ. ತಲೆಗೆ ಪೇಟ, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ. ಶಾಲು ಹೆಗಲ ಮೇಲೆ ಬೀಳುವುದಕ್ಕೂ ಬೆನ್ನ ಹಿಂದೆ ಓಟದ ಪಿಸ್ತೂಲು 'ಢಂ' ಎನ್ನುವುದಕ್ಕೂ ಸರಿಹೋಯಿತು. ತಿರುಗಲು ಹೋದರೆ ಅತಿಥಿ ಶಾಲಿನ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದು ನಗುತ್ತಿದ್ದರು.

"ಯಜಮಾನ್ರ, ಈ ಕಡೆ ನೋಡ್ರಿ! ಅಳ್ಳಾಡಬ್ಯಾಡ್ರಿ!" ಎಂದ ಫೋಟೋದವನು. ಒಂದು, ಇನ್ನೊಂದು, ಅತಿಥಿಯ ಮೊಬೈಲಿನಲ್ಲಿ ಮತ್ತೊಂದು.

ಅಷ್ಟರಲ್ಲಿ ಎದುರಿನ ಗ್ಯಾಲರಿಯೇ ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ, ಕೂಗು. ಸುಂಕಮ್ಮನೂ ಸೆರಗು ಬೀಸುತ್ತಿದ್ದಳು. ತನಗೆ ಇಷ್ಟೊಂದು ಮರ್ಯಾದೆಯೇ ಎಂದು ಉಚ್ಚೆಂಗಪ್ಪನ ಕಣ್ಣು ತುಂಬಿ ಬಂತು. ಬುಟ್ಟಿ ಸಮೇತ ಕೈ ಎತ್ತಿ ಮೂರು ಸಲ ನಮಸ್ಕರಿಸಿದ. ಮೂರನೆಯ ಸಲಕ್ಕೆ ತಿಳಿಯಿತು, ಮೆಟ್ಟಿಲ ಮೇಲೆ ನಿಂತ ಆ ಜನರೆಲ್ಲ ತನ್ನ ಪೇಟದ ಮೇಲಿಂದ ಆಚೆ ಟ್ರ್ಯಾಕನ್ನು ನೋಡುತ್ತಿದ್ದರು.

ವೇದಿಕೆ ಇಳಿದು ಓಡಿ ಹೋಗುವಷ್ಟರಲ್ಲಿ ಟ್ರ್ಯಾಕು ಖಾಲಿ. ಮೊದಲ ಸ್ಥಾನ ಗೆದ್ದ ಸುಷ್ಮಿತಾ ತಾಯಿಯ ಪಕ್ಕ ಬೆವರು ಒರೆಸುತ್ತ ನಿಂತಿದ್ದಳು, ಕಾಲಲ್ಲಿ ಇನ್ನೂ ನೀಲಿ ಬೂಟು.

"ಅಪ್ಪಾ, ನೋಡಿದೇನು?"

ಇವತ್ತು ತಪ್ಪು ಹಾಕಲು ನೀರಿರಲಿಲ್ಲ. ಸುಂಕಮ್ಮನೇ ಉತ್ತರ ಕೊಟ್ಟಳು: "ನಾವು ನಿನ್ನ ನೋಡಿದ್ವಿ. ನಿಮ್ಮಪ್ಪ ನಮ್ಮನ್ನ ನೋಡಿದ."

ಹುಡುಗಿ ಬುಟ್ಟಿಯಿಂದ ಒಂದು ಮೋಸಂಬಿ ತೆಗೆದು ಸುಲಿಯತೊಡಗಿದಳು. ಅವಳು ಬೈದಿದ್ದರೆ ಅವನ ಮನಸ್ಸು ಇಷ್ಟು ಕುಟುಕುತ್ತಿರಲಿಲ್ಲ.

ಸಂಜೆಗೆ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಬಂತು. ಉಚ್ಚೆಂಗಪ್ಪ ಮದುಮಗನ ಹಾಗೆ ನಿಂತಿದ್ದಾನೆ. ಅತಿಥಿಯ ಮೊಣಕೈ ಪಕ್ಕ, ಫ್ಲೆಕ್ಸು ಕಿತ್ತ ಮೂಲೆಯಲ್ಲಿ, ನೆಲ ಬಿಟ್ಟ ಒಂದು ಕಾಲು, ಅದಕ್ಕೊಂದು ನೀಲಿ ಬೂಟು. ಈಗ ಮನೆಗೆ ಬಂದವರು ಯಾರೇ ಸನ್ಮಾನದ ಫೋಟೋ ಕೇಳಲಿ, ಅವನು ತೋರಿಸುತ್ತಾನೆ. ಹೆಬ್ಬೆರಳಿನಿಂದ ತನ್ನ ಮುಖ ಮುಚ್ಚಿ, "ಇಲ್ನೋಡ್ರಿ, ಇದು ನನ್ನ ಮಗಳು" ಎನ್ನುತ್ತಾನೆ.