ಅಧ್ಯಕ್ಷರ ಮಾತು ಆಡಿದವಳು

ನಮ್ಮ ಅಧ್ಯಕ್ಷರ ಹೆಂಡತಿ, ಈಗ ಎಲ್ಲರೂ 'ದೋನ್ಯಾ' ಎಂದು ಗೌರವದಿಂದ ಕರೆಯುವ ಎದೆಲ್ಮಿರಾ, ಪಿಯಾನೊ ಇದ್ದ ಮನೆಯಲ್ಲಿ ಹುಟ್ಟಿದಳೆಂದು ನಾಲ್ಕನೇ ತರಗತಿಯ ಪುಸ್ತಕದಲ್ಲಿ ಅಚ್ಚಾಗಿದೆ. ನಾನು ಅವಳ ಪಕ್ಕದ ಮನೆಯವಳು. ನಮ್ಮ ಬೀದಿಯಲ್ಲಿ ಪಿಯಾನೊ ಹಾಗಿರಲಿ, ಅಲ್ಲಾಡದೆ ನಿಲ್ಲುವ ಒಂದು ಕುರ್ಚಿಯೂ ಇರಲಿಲ್ಲ.

ಅವಳ ತಾಯಿ ಕಸೀಲ್ದಾ ಸತ್ತವರ ಮನೆಗಳಿಗೆ ಹೋಗಿ ಒಂಬತ್ತು ದಿನ ಜಪಮಾಲೆಯ ಪ್ರಾರ್ಥನೆ ಹೇಳಿಸುತ್ತಿದ್ದಳು. ಅದಕ್ಕೆ ಕಾಫಿ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ, ಅದೃಷ್ಟವಿದ್ದರೆ ಒಂದು ಕೋಳಿ ಸಿಗುತ್ತಿತ್ತು. ಎಂಟು ವರ್ಷದ ಎದೆಲ್ಮಿರಾ ಜೊತೆಗೆ ಹೋಗಿ ಅಳುತ್ತಿದ್ದಳು. ಸುಂಕದ ಕಟ್ಟೆಯ ಗುಮಾಸ್ತ ಸತ್ತಾಗ, ಒಮ್ಮೆಯೂ ಮುಖ ನೋಡಿರದ ಆ ಮನುಷ್ಯನಿಗಾಗಿ ಅವಳು ಎಷ್ಟು ಅತ್ತಳೆಂದರೆ, ಅವನ ವಿಧವೆಯೇ ತನ್ನ ಅಳು ನಿಲ್ಲಿಸಿ ಇವಳನ್ನು ಸಮಾಧಾನ ಮಾಡಬೇಕಾಯಿತು. ಆಮೇಲೆ ಹಿತ್ತಲಲ್ಲಿ ನನ್ನ ಜೊತೆ ಕೂತು ತಮಾಲೆ ತಿನ್ನುವಾಗ ಅವಳ ಕಣ್ಣು ಸುಣ್ಣದ ಗೋಡೆಯಷ್ಟು ಒಣಗಿತ್ತು.

ಇಬ್ಬರೂ ಓದಿ ಒಂದೇ ಶಾಲೆಯಲ್ಲಿ ಟೀಚರಾದೆವು. ನಮಗೆ ಇಪ್ಪತ್ತನಾಲ್ಕು ವರ್ಷವಾಗಿದ್ದಾಗ, ಮದುವೆಯಾದ ಟೀಚರುಗಳೆಲ್ಲ ಕೆಲಸ ಬಿಡಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತು. ನಾವು ಶಾಲೆಗಳಿಗೆ ಬೀಗ ಹಾಕಿ ಮುಷ್ಕರಕ್ಕೆ ಕೂತೆವು. ಸಂತೆಯ ಚೌಕದಲ್ಲಿ ಮೀನು ಕೊಯ್ಯುವ ಮೇಜು ಹತ್ತಿ ಎದೆಲ್ಮಿರಾ ದಿನವೂ ಭಾಷಣ ಮಾಡಿದಳು. ಮೀನು ಮಾರುವ ಹೆಂಗಸರು ವ್ಯಾಪಾರ ಬಿಟ್ಟು ಕೇಳುತ್ತಿದ್ದರು. ನಾನೂ ಕೇಳಿದೆ, ನಂಬಿದೆ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಹನ್ನೆರಡನೆಯ ದಿನ ರಾಜಧಾನಿಯಿಂದ ಮೂವತ್ತು ಸಿಪಾಯಿಗಳೊಂದಿಗೆ ಕ್ಯಾಪ್ಟನ್ ರೊಗಾಸಿಯಾನೊ ಉರ್ಕೀದಿ ಬಂದ. ದೊಡ್ಡ ಮನೆತನದ ಕೊನೆಯ ಮಗ. ಓದಿನಲ್ಲಿ ಸೋತು, ಎಸ್ಟೇಟಿನಲ್ಲಿ ಸೋತು, ಕೊನೆಗೆ ಸೈನ್ಯಕ್ಕೆ ಬಿದ್ದವನು. ಸಮವಸ್ತ್ರ ಕಳಚಿಟ್ಟರೆ ಒಳಗೆ ಹೇಳಿಕೊಳ್ಳುವಂಥ ಮನುಷ್ಯನೇನೂ ಇರಲಿಲ್ಲ. ಚೌಕದಲ್ಲಿ ನಿಂತು ಗುಂಪು ಚದುರಬೇಕೆಂಬ ಆಜ್ಞೆಯನ್ನು ಓದತೊಡಗಿದ. ಎರಡನೇ ಸಾಲಿನಲ್ಲೇ ತೊದಲು ಶುರುವಾಗಿ, 'ಶಾಂತಿಭಂಗ' ಎಂಬ ಪದಕ್ಕೆ ಬಂದು ಸಿಕ್ಕಿಕೊಂಡ. ಎದೆಲ್ಮಿರಾ ಮೇಜಿನಿಂದ ಬಗ್ಗಿ, ಅವನ ಕೈಯಿಂದ ಕಾಗದ ಕಿತ್ತುಕೊಂಡು, ನಮ್ಮನ್ನು ಚದುರಿಸುವ ಆಜ್ಞೆಯನ್ನು ತಾನೇ ಗಟ್ಟಿಯಾಗಿ, ಒಂದಕ್ಷರ ತಪ್ಪದೆ ಓದಿ ಹೇಳಿದಳು. ಚೌಕವಿಡೀ ನಕ್ಕಿತು. ಕ್ಯಾಪ್ಟನ್ ಮಾತ್ರ ಬಾಯಿ ತೆರೆದು ಅವಳನ್ನೇ ನೋಡುತ್ತ ನಿಂತಿದ್ದ. ಅವನು ಹಾಗೆ ನೋಡುತ್ತಿರುವುದನ್ನು ಅವಳೂ ಗಮನಿಸಿದಳು.

ಮೂರು ವಾರಕ್ಕೆ ಇಗರ್ಜಿಯಲ್ಲಿ ಪಾದ್ರಿ ಮದುವೆಯ ಪ್ರಕಟಣೆಯಲ್ಲಿ ಅವರಿಬ್ಬರ ಹೆಸರು ಕೂಗಿದರು. ನಾನು ನೇರ ಅವಳ ಮನೆಗೆ ಹೋದೆ. ಅವಳು ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು.

"ಆ ಪೆದ್ದನ್ನ ಕಟ್ಕೋತೀಯಾ? ಅವನಿಗೆ ನಾಲ್ಕು ಮಾತು ಜೋಡಿಸೋಕೆ ಬರಲ್ಲ ಕಣೇ" ಎಂದೆ.

"ಅದಕ್ಕೇ" ಎಂದಳು, ತಲೆ ಎತ್ತದೆ. "ಟೋಪಿ ಅವನು ಹಾಕ್ಕೊಳ್ಳಲಿ. ಮಾತು ನಾನಾಡ್ತೀನಿ."

ಮದುವೆಯಾದ ಟೀಚರುಗಳಿಗಾಗಿ ಹೋರಾಡಿದವಳು ಹೀಗೆ ಮದುವೆಯಾಗಿ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟಳು. ಅದೇ ವಾರ ಮುಷ್ಕರ ಮುರಿದುಬಿತ್ತು, ಮುಷ್ಕರ ಸಮಿತಿಯ ನಾಲ್ವರಿಗೆ ವರ್ಗಾವಣೆಯ ಆಜ್ಞೆ ಬಂತು. ನನ್ನನ್ನು ಉಪ್ಪಿನ ಬಯಲಿನ ಶಾಲೆಗೆ ಎಸೆದರು. ಅಲ್ಲಿ ಆರು ವರ್ಷ ಕಳೆದೆ.

ಮದುವೆಯ ಊಟದ ಕಥೆಯನ್ನು ಕಸೀಲ್ದಾ ಬೀದಿಗೆಲ್ಲ ಹೇಳಿದ್ದಳು. ಕ್ಯಾಪ್ಟನ್ನನ ತಾಯಿ ದೋನ್ಯಾ ಪೆರ್ಪೆತುವಾ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, ನೆಂಟರಿಗೆಲ್ಲ ಕೇಳುವಂತೆ, "ಹೆಣದ ಮನೆ ಕಾಫಿ ಕುಡಿದು ಬೆಳೆದ ಹುಡುಗಿಯಂತೆ" ಎಂದಳಂತೆ.

"ಹೌದು ಅತ್ತೆ" ಎಂದಳಂತೆ ಎದೆಲ್ಮಿರಾ. "ನಿಮಗೂ ನಾನೇ ಅಳ್ತೀನಿ, ಯೋಚನೆ ಮಾಡ್ಬೇಡಿ."

ಎರಡೇ ವರ್ಷಕ್ಕೆ ಅತ್ತೆ ತೀರಿಕೊಂಡಳು. ಸೊಸೆ ಮಾತು ಉಳಿಸಿಕೊಂಡಳು. ಮಂತ್ರಿಗಳ ಹೆಂಡಿರು ಕರವಸ್ತ್ರ ಹಿಂಡುವಷ್ಟು ಅತ್ತಳು. ಆ ಶವಯಾತ್ರೆಯ ನಂತರ ಗಂಡ ಮೇಜರ್ ಆದ. ಆಮೇಲೆ ಕರ್ನಲ್, ಆಮೇಲೊಂದು ಬೆಳಗ್ಗೆ ಸೈನ್ಯದವರು ಹಳೆಯ ಅಧ್ಯಕ್ಷರನ್ನು ಹಡಗು ಹತ್ತಿಸಿ ಕಳಿಸಿ, ಆ ಕುರ್ಚಿಯಲ್ಲಿ ಅವನನ್ನು ಕೂರಿಸಿದರು. ಗುರುವಾರಕ್ಕೊಮ್ಮೆ ರೇಡಿಯೊದಲ್ಲಿ ಅವಳು ಮಾತಾಡುತ್ತಿದ್ದಳು. 'ನನ್ನ ಗಂಡ ಹೇಳುವುದೇನೆಂದರೆ' ಎಂದು ಶುರು ಮಾಡುತ್ತಿದ್ದಳು. ಅವನು ಏನನ್ನಾದರೂ ಹೇಳಿದ್ದನ್ನು ದೇಶದಲ್ಲಿ ಯಾರೂ ಕೇಳಿರಲಿಲ್ಲ.

ನಾನು ಊರಿಗೆ ಮರಳಿದ ಮೇಲೆ, ಹೊಸ ಶಾಲೆ ತೆರೆಯಲು ಅವಳು ರೈಲಿನಲ್ಲಿ ಬಂದಳು. ಟೀಚರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ನನ್ನೆದುರು ಬಂದು ನಿಂತಳು.

"ಇನ್ನೂ ಮುಖ ಊದಿಸ್ಕೊಂಡೇ ಇದ್ದೀಯಲ್ಲೇ, ಹಸಿಂತಾ."

"ವರ್ಗಾವಣೆಗೆ ನಮ್ಮ ನಾಲ್ವರ ಹೆಸರು ಕೊಟ್ಟಿದ್ದು ನೀನಾ?"

ಅವಳು ಜೊತೆಯವರನ್ನು ಕೈಸನ್ನೆಯಿಂದ ದೂರ ಕಳಿಸಿದಳು. "ಹೂಂ, ನಾನೇ. ಸರ್ಕಾರದೋರು ಹತ್ತೊಂಬತ್ತು ಹೆಸರು ಕೇಳಿದ್ರು, ನಾಲ್ಕು ಕೊಟ್ಟೆ. ಮದುವೆ ಆಗದವರನ್ನ ಆರಿಸ್ದೆ. ಮಕ್ಕಳಿರೋರನ್ನ ಆ ಉಪ್ಪಿಗೆ ಕಳಿಸೋಕಾಗತ್ತಾ?"

"ನಿಂದೂ ಒಂದು ಬರೀಬಹುದಿತ್ತು."

"ಬರೀಬಹುದಿತ್ತು. ಆಗ ಮದುವೆಯಾದ ಟೀಚರುಗಳ ಆ ಆಜ್ಞೆ ರದ್ದು ಮಾಡಿಸೋಕೆ ಯಾರಿರ್ತಿದ್ರು?"

ರದ್ದು ಮಾಡಿಸಿದ್ದು ನಿಜ. ಅವನು ಕುರ್ಚಿಯಲ್ಲಿ ಕೂತ ನಾಲ್ಕನೇ ತಿಂಗಳಿಗೇ ಮಾಡಿಸಿದ್ದಳು. ಉಪ್ಪಿನ ಬಯಲಿನ ಶಾಲೆಗಳಿಗೆ ಇನ್ಸ್‌ಪೆಕ್ಟರ್ ಬೇಕಿದೆ, ಆ ಜಾಗ ತಿಳಿದವಳು ನೀನೊಬ್ಬಳೇ, ಎಂದಳು. ಮುಖಕ್ಕೆ ಉಗಿಯಬೇಕೆಂದು ಆರು ವರ್ಷ ಕಾದಿದ್ದೆ. ಆದರೆ ಅಲ್ಲಿನ ಮಕ್ಕಳು ಬಿರಿದ ಪಾದದಲ್ಲಿ ಶಾಲೆಗೆ ಬರುವುದು ಕಣ್ಣಮುಂದೆ ಬಂತು. ಅದರ ಜೊತೆಗೆ, ಸುಳ್ಳೇಕೆ, ಇನ್ಸ್‌ಪೆಕ್ಟರ್ ಎಂಬ ಹೆಸರೂ ಹಿತವಾಗಿ ಕೇಳಿಸಿತು. ಒಪ್ಪಿಕೊಂಡೆ.

ಮರುವರ್ಷ ಹೆಂಗಸರು ಮೊದಲ ಸಲ ಮತ ಹಾಕಿದೆವು. ಆ ಹಕ್ಕನ್ನೂ ಹಟ ಹಿಡಿದು ತಂದವಳು ಅವಳೇ. ನಾನು ಅವಳ ಗಂಡನ ವಿರುದ್ಧ ಹಾಕಿದೆ. ಉಳಿದ ಹೆಂಗಸರು ಅವಳನ್ನೇ ಆರಿಸುತ್ತಿದ್ದೇವೆಂದುಕೊಂಡು ಅವನಿಗೆ ಹಾಕಿ ಗೆಲ್ಲಿಸಿದರು. ಸೋಮವಾರ ನಾನು ಹೇಸರಗತ್ತೆ ಏರಿ ಉಪ್ಪಿನ ಬಯಲಿನ ಶಾಲೆಗಳ ತಪಾಸಣೆಗೆ ಹೊರಟೆ.