ಮೆರ್ವ್‌ನ ಅಂಗಿಗೆ ಜಿಪ್ಪು

"ಇದಕ್ಕೊಂದು ಜಿಪ್ಪು ಹಾಕ್ಕೊಡ್ತೀರಾ, ಆರ್ಡಿತ್? ಕತ್ತರಿಸೋದೆಲ್ಲ ನಾನೇ ಮಾಡಿದೀನಿ. ಜಿಪ್ಪು ಮಾತ್ರ ನನ್ನ ಕೈಲಾಗಲ್ಲ."

ಹಿಮ ಮೆತ್ತಿದ ಬೂಟುಗಳನ್ನು ಬಾಗಿಲ ಬಳಿ ಬಿಟ್ಟು, ಗ್ವೆನ್ ಬರೀ ಕಾಲುಚೀಲದಲ್ಲಿ ಹೊಲಿಗೆ ಯಂತ್ರದ ಪಕ್ಕ ನಿಂತಿದ್ದಳು. ಅವಳು ಈ ಮನೆಗೆ ಬಂದದ್ದು ಇದೇ ಮೊದಲು. ಆರ್ಡಿತ್‌ಳ ಗಂಡ ಮೆರ್ವ್‌ನನ್ನು ಕಟ್ಟಿಕೊಂಡವಳು ಆರ್ಡಿತ್‌ಳ ಬಾಗಿಲು ತಟ್ಟುವುದಾದರೂ ಹೇಗೆ? ಆದರೆ ಗೋಧಿ ಹೊಲಗಳ ನಡುವಿನ ಆ ಸಣ್ಣ ಊರಿನಲ್ಲಿ ಜಿಪ್ಪು ಎಂದರೆ ಆರ್ಡಿತ್. ಚಳಿಗಾಲದಲ್ಲಿ ಕೋಟಿನ ಜಿಪ್ಪು ಕಿತ್ತುಹೋದರೆ ಪಾದ್ರಿಯೂ ಇಲ್ಲಿಗೇ ನಡುಗುತ್ತಾ ಬರಬೇಕು.

"ಏನಿದು?"

"ದಿಂಬಿನ ಕವರು. ಮೆರ್ವ್‌ನ ಅಂಗೀಲಿ. ತೀರಿಹೋದೋರ ನೆನಪಿಗೆ ಅವರ ಅಂಗೀಲಿ ಎಲ್ಲಾರೂ ಮಾಡ್ಕೊಳ್ತಾರಲ್ಲ, ಹಾಗೆ."

ಮೆರ್ವ್‌ನ ಮಣ್ಣಿನ ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಆರ್ಡಿತ್ ಎಲ್ಲವನ್ನೂ ನೋಡಿದ್ದಳು. ಅಪ್ಪಿಕೊಂಡು ಅತ್ತವರೆಲ್ಲ ಗ್ವೆನ್‌ಳನ್ನೇ ಅಪ್ಪಿಕೊಂಡರು. ಊರ ಹೆಂಗಸರು ಮಾಡಿದ ಅಡುಗೆಯೆಲ್ಲ ಗ್ವೆನ್‌ಳ ಮನೆಗೇ ಹೋಯಿತು. ಅವನ ಜೊತೆ ಮೊದಲು ಸಂಸಾರ ಮಾಡಿದವಳಿಗೂ ಒಂದು ಪಾತ್ರೆ ಮ್ಯಾಕರೋನಿ ಕೊಡೋಣವೆಂದು ಒಬ್ಬರಿಗೂ ತೋಚಲಿಲ್ಲ. ಆ ಮ್ಯಾಕರೋನಿಯ ಸಂಕಟ ಅವಳಿಗೆ ಇನ್ನೂ ಹೋಗಿರಲಿಲ್ಲ.

ಚೀಲದಿಂದ ಬಟ್ಟೆ ಹೊರಬಂತು. ಹಸಿರು-ಕಪ್ಪು ಚೌಕಳಿಯ ದಪ್ಪ ಫ್ಲಾನೆಲ್, ಎರಡು ತುಂಡು. ಗುಂಡಿಪಟ್ಟಿ, ಜೇಬು ಇರುವ ಎದೆಯ ಭಾಗ ಒಂದು, ಬೆನ್ನಿನದು ಇನ್ನೊಂದು. ಬಿಡಿಸಿಟ್ಟ ತೋಳುಗಳು ಚೀಲದ ತಳದಲ್ಲಿದ್ದವು.

"ಇಲಿ ಕಡಿದ ಹಾಗೆ ಕತ್ತರಿಸಿದೀಯಲ್ಲ," ಎಂದಳು ಆರ್ಡಿತ್. ಹಾಗೆಂದವಳು ಎದೆಯ ತುಂಡನ್ನು ಬೆಳಕಿಗೆ ಎಳೆದುಕೊಂಡಳು. ಜೇಬು ತಟ್ಟನೆ ಕಾಣುತ್ತಿರಲಿಲ್ಲ. ಜೇಬಿನ ಚೌಕಳಿ ಅಂಗಿಯ ಚೌಕಳಿಗೆ ಗೆರೆಗೆ ಗೆರೆ ಕೂಡಿತ್ತು. ಮೆರ್ವ್‌ನನ್ನು ಮದುವೆಯಾದ ಮೊದಲ ಚಳಿಗಾಲದಲ್ಲಿ ಆರ್ಡಿತ್‌ಳೇ ಹೊಲಿದ ಅಂಗಿ ಅದು. ಪೆನ್ನು ಸಿಕ್ಕಿಸಲು ಹೋಗಿ ಮೆರ್ವ್ ಎದೆಯೆಲ್ಲ ತಡಕುತ್ತಿದ್ದ. "ಹೆಂಡ್ತಿ ಕೊಟ್ಟ ಜೇಬು ಕಣ್ರೋ, ಕೈಗೇ ಸಿಗಲ್ಲ," ಎಂದು ಗೆಳೆಯರೆದುರು ನಗುತ್ತಿದ್ದ.

ಅವಳು ಯಂತ್ರದ ಮುಂದೆ ಕೂತಳು. ಎರಡೂ ತುಂಡುಗಳ ಒಂದು ಅಂಚನ್ನು ಸದ್ಯಕ್ಕೆಂದು ಉದ್ದುದ್ದ ಹೊಲಿಗೆಯಲ್ಲಿ ಕೂಡಿಸಿ, ಇಸ್ತ್ರಿ ಮಾಡಿ, ಮೇಲೆ ಜಿಪ್ಪನ್ನು ಬೋರಲಾಗಿಟ್ಟು ಎರಡೂ ಬದಿ ಹೊಲಿದಳು. ಆಮೇಲೆ ಉದ್ದ ಹೊಲಿಗೆಯನ್ನು ಬಿಚ್ಚಿದಳು. ಜಿಪ್ಪು ಕೂತ ಚೆಂದ ನೋಡಿ ಗ್ವೆನ್ ಬೆರಗಾದಳು.

"ಈ ಅಂಗಿ ಅಂದ್ರೆ ಅವನಿಗೆ ಪ್ರಾಣ," ಎಂದಳು. "ಮೀನು ಹಿಡಿಯೋಕೆ ಹೋದ್ರೂ ಇದೇ, ಮದುವೆಗೆ ಹೋದ್ರೂ ಇದೇ. ಮೊಳಕೈ ತೂತಾದಾಗ ಎಸೀತೀನಿ ಅಂದೆ. ಮಾತೇ ಬಿಟ್ಟ. ಕೊನೆಗೆ ನಾನೇ ತೇಪೆ ಹಾಕ್ಕೊಟ್ಟೆ."

ಆರ್ಡಿತ್‌ಳಿಗೆ ಕುಣಿಯಬೇಕೆನ್ನಿಸಿತು. ಇಪ್ಪತ್ತು ವರ್ಷ ಇನ್ನೊಬ್ಬಳ ಮನೆಯಲ್ಲಿದ್ದುಕೊಂಡು ತಾನು ಹೊಲಿದ ಅಂಗಿ ತೊಟ್ಟಿದ್ದಾನೆ! ಇದನ್ನು ಈಗ ಹೇಳಿಬಿಟ್ಟರೆ ಇವಳ ಮುಖ ಹೇಗಾಗಬಹುದು? ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ ಎರಡು ತುಂಡುಗಳನ್ನು ಮುಖಕ್ಕೆ ಮುಖ ಜೋಡಿಸಿ ಉಳಿದ ಮೂರು ಬದಿಯನ್ನೂ ಸರ್ರನೆ ಹೊಲಿದು ದಾರ ಕತ್ತರಿಸಿದಳು. ತಿರುವಿ ಒಳಗಿನದನ್ನು ಹೊರಗೆ ತರಲು ಹೋದಳು. ಆಗಲಿಲ್ಲ.

ಜಿಪ್ಪು ಪೂರ್ತಿ ಮುಚ್ಚಿತ್ತು. ಅದರ ಹಿಡಿ ಒಳಗೆ ಸಿಕ್ಕಿಕೊಂಡಿತ್ತು. ಕೊನೆಯ ಹೊಲಿಗೆಗೆ ಮೊದಲು ಜಿಪ್ಪನ್ನು ಅರ್ಧ ತೆರೆದಿಡಬೇಕು ಎಂಬುದು ಹೊಲಿಗೆ ಕಲಿಯುವ ಹುಡುಗಿಯರಿಗೂ ಗೊತ್ತು.

ಗ್ವೆನ್ ಕವರನ್ನು ಎತ್ತಿ ಹಿಂದೆ ಮುಂದೆ ನೋಡಿದಳು. "ಒಳಗೇ ಹಾಕಿ ಬೀಗ ಜಡಿದ್ರಲ್ಲ," ಎಂದಳು. "ಈಗಲಾದ್ರೂ ಅವನನ್ನ ಬಿಟ್ಕೊಡಿ."

"ಬಿಟ್ಕೊಡೋಕೆ ನಾನೇನು ಕಟ್ಟಿ ಹಾಕಿದ್ನಾ?" ಆರ್ಡಿತ್‌ಳಿಗೆ ತಡೆಯಲಾಗಲಿಲ್ಲ. "ಈ ಅಂಗಿ ಹೊಲಿದವಳು ಯಾರು ಗೊತ್ತಾ ನಿಂಗೆ?"

"ಗೊತ್ತು."

ಆರ್ಡಿತ್ ತಲೆಯೆತ್ತಿದಳು.

"ಕತ್ತಿನಲ್ಲಿ ಅಂಗಡಿ ಚೀಟಿ ಇಲ್ಲ. ಜೇಬು ನೋಡಿದ್ರೆ ಹೀಗೆ. ಯಾವ ಅಂಗಡಿಯೋನು ಇಷ್ಟು ಮುತುವರ್ಜಿಯಿಂದ ಹೊಲೀತಾನೆ? ನನಗೂ ಕಣ್ಣಿದೆ, ಆರ್ಡಿತ್. ಪ್ರತಿ ವಾರ ಇದನ್ನ ಒಗೆದು ಇಸ್ತ್ರಿ ಮಾಡಿದವಳು ನಾನು. ಕತ್ತರಿ ಹಾಕುವಾಗ ಎಷ್ಟು ಹಾಯಾಯ್ತು ಗೊತ್ತಾ? ಆಮೇಲೆ ಕೂತು ಅತ್ತೆ."

ಆರ್ಡಿತ್ ಒಂದು ಮೂಲೆಯ ಹೊಲಿಗೆ ಬಿಚ್ಚಿದಳು. ಆ ಸಂದಿಯಲ್ಲಿ ಬೆರಳು ತೂರಿಸಿ, ಫ್ಲಾನೆಲ್ಲಿನ ಒಳಗೆ ತಡಕಾಡಿ ಹಿಡಿಯನ್ನು ಎಳೆದಳು. ಜಿಪ್ಪು ತೆರೆಯಿತು. ಮೂಲೆಯನ್ನು ಮತ್ತೆ ಹೊಲಿದು ಕವರನ್ನು ತಿರುವಿದಳು. ಗ್ವೆನ್ ತಂದಿದ್ದ ದಿಂಬು ಒಳಗೆ ಹೋಗಿ ಕೂತಾಗ ಉಬ್ಬಿದ ಎದೆಯ ಮೇಲೆ ಜೇಬು ಎಲ್ಲಿದೆಯೆಂದು ಇಬ್ಬರೂ ಮತ್ತೊಮ್ಮೆ ಹುಡುಕಬೇಕಾಯಿತು.

"ತೋಳು ನೀವೇ ಇಟ್ಕೊಳ್ಳಿ," ಎಂದು ಗ್ವೆನ್ ಬೂಟು ಹಾಕಿಕೊಂಡಳು.

ಆರ್ಡಿತ್ ಕಿಟಕಿಯಿಂದ ನೋಡಿದಳು. ಗ್ವೆನ್ ಕಾರಿನ ಇನ್ನೊಂದು ಬದಿಯ ಬಾಗಿಲು ತೆರೆದು, ತನ್ನ ಪಕ್ಕದ ಸೀಟಿನಲ್ಲಿ ದಿಂಬನ್ನು ನೆಟ್ಟಗೆ ಕೂರಿಸಿದಳು. ಬಗ್ಗಿ ಅದಕ್ಕೆ ಬೆಲ್ಟು ಹಾಕಿದಳು. ಕಾರು ಹಿಮದಲ್ಲಿ ನಿಧಾನವಾಗಿ ಹೊರಟುಹೋಯಿತು.

ಆರ್ಡಿತ್ ಬಂದು ದೀಪದ ಕೆಳಗೆ ತೋಳನ್ನು ಹರಡಿದಳು. ಮೊಳಕೈ ಮೇಲೆ ಗ್ವೆನ್ ಹಾಕಿದ ಕಂದು ತೇಪೆ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಅವಳು ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ಒಂದೊಂದೇ ದಾರ ಕಿತ್ತಳು. ತೇಪೆ ಕೈಗೆ ಬಂತು. ಕೆಳಗೆ ತೂತಿತ್ತು, ಅಂಚೆಲ್ಲ ಸವೆದು ನುಣುಪಾಗಿತ್ತು. ಅದು ಸವೆದದ್ದು ಮೆರ್ವ್ ದಿನವೂ ಮೊಳಕೈ ಊರಿ ಕೂರುತ್ತಿದ್ದ ಗ್ವೆನ್‌ಳ ಅಡುಗೆಮನೆಯ ಮೇಜಿನ ಮೇಲೆ.